ಐರ್ಲೆಂಡಿನ ಕಾಗೆ, ತರೀಕೆರೆಯ ಪಿಂಚಣಿ

"ನನ್ನ ಪಿಂಚಣಿ ನಿಲ್ಲಿಸೋ ಸರ್ಕಾರ ಇನ್ನೂ ಬಂದಿಲ್ಲ ಕಣ್ರಯ್ಯಾ. ಇಲ್ಲಿದ್ರೂ ಬತ್ತದೆ, ಸಮುದ್ರದಾಚೆ ಇದ್ರೂ ಬತ್ತದೆ" ಎಂದು ಲಕ್ಕಣ್ಣ ಕಡೂರು ಸ್ಟೇಷನ್ನಿನಲ್ಲಿ ರೈಲಿನ ಬಾಗಿಲಿಗೆ ಜೋತುಬಿದ್ದು ಭಾಷಣ ಮಾಡಿ ಐರ್ಲೆಂಡಿಗೆ ಹೊರಟಿದ್ದ.

ಬಡಾಯಿ ಅನ್ನಬೇಡಿ. ತರೀಕೆರೆಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ಅಲ್ಲಿನ ಪಿಂಚಣಿದಾರರ ಸಂಘಕ್ಕೆ ಅಧ್ಯಕ್ಷ. ಆಫೀಸರುಗಳ ಜೀಪಿನ ಮುಂದೆ ಅಂಗಾತ ಮಲಗಿದವನು. ಎಷ್ಟೋ ವಿಧವೆಯರಿಗೆ ಕುಟುಂಬ ಪಿಂಚಣಿ ಕೊಡಿಸಿದವನು. ಹಿಂಬಾಲಕರಿಗೆ ಅವನು ಕಲಿಸಿದ ಪಾಠ ಒಂದೇ: "ಯಾರಾದ್ರೂ ಸತ್ರೆ ಮನೆಯೋರು ಮೊದಲು ಅಳ್ತಾರೆ, ಆಮೇಲೆ ಅರ್ಜಿ ಕೊಡ್ತಾರೆ. ಅದೇ ತಪ್ಪು. ಮೊದಲು ಅರ್ಜಿ, ಸೀಲು. ಆಮೇಲೆ ಎಷ್ಟಾದ್ರೂ ಅತ್ಕೊಳ್ಳಿ."

ಈ ಪಾಠವನ್ನು ಮನಸಿಟ್ಟು ಕಲಿತವನು ಅವನ ಭಾವಮೈದುನ ಹಾಲೇಶ್. ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡಿದ್ದ ಅವನು, ಭಾವನ ಎಲ್ಲ ಧರಣಿಗಳಲ್ಲೂ ಬ್ಯಾನರಿನ ಇನ್ನೊಂದು ತುದಿ ಹಿಡಿದವನು.

ಲಕ್ಕಣ್ಣನ ಮಗಳು ಭುವನಾ ಐರ್ಲೆಂಡಿನ ಕಡಲತೀರದ ಊರಲ್ಲಿ ನರ್ಸು. ಅಳಿಯ ತಿಮ್ಮೇಶ್ ಅಲ್ಲೇ ಬಸ್ಸಿನ ಡ್ರೈವರು. ಬಾಣಂತನಕ್ಕೆಂದು ಹೋದ ಲಕ್ಕಣ್ಣನ ಹೆಂಡತಿ ಅಂಬಮ್ಮ ಮೊಮ್ಮಗನನ್ನು ಬಿಟ್ಟು ಬರಲೊಲ್ಲೆ ಎಂದಳು. ಲಕ್ಕಣ್ಣನೂ ಹಿಂದೆಯೇ ಹೋದ. ಆದರೆ ಒಂದು ಷರತ್ತು: ಮನೆಯ ದಿನಸಿ ತನ್ನ ಪಿಂಚಣಿಯದು. "ಅಳಿಯನ ಮನೇಲಿ ಬಿಟ್ಟಿ ಉಣ್ಣೋ ಜಾತಿಯಲ್ಲ ನಾನು. ಪಿಂಚಣಿ ಇರೋ ಗಂಡಸು ಯಾವ ದೇಶದಲ್ಲಾದ್ರೂ ಗಂಡಸೇ."

ಪಿಂಚಣಿ ಬರುತ್ತಿರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ತೋರಿಸಬೇಕು. ಲಕ್ಕಣ್ಣ ಫೋನಿನ ಮುಂದೆ ಕೂತು ಎರಡು ಸಲ ರೆಪ್ಪೆ ಬಡಿದ. ಬದುಕಿದ್ದಾನೆಂದು ಫೋನು ಒಪ್ಪಿತು. "ನೋಡಿದ್ಯೇನೇ? ಕಣ್ಣು ಹೊಡೆದು ಸರ್ಕಾರಾನ ಪಳಗಿಸೋದು ಅಂದ್ರೆ ಇದು" ಎಂದು ಅಂಬಮ್ಮನ ಮುಂದೆ ಮೀಸೆ ತಿರುವಿದ.

ಇಷ್ಟರಲ್ಲಿ ಆ ಹಕ್ಕಿ ಬಂತು.

ಗಂಡ ಹೆಂಡತಿ ಕಡಲ ದಂಡೆಯ ಬೆಂಚಿನಲ್ಲಿ ಕೂತು ಕರಿದ ಆಲೂಗೆಡ್ಡೆ ತಿನ್ನುತ್ತಿದ್ದರು. ಕೋಳಿಯಷ್ಟು ದಪ್ಪದ ಬಿಳಿ ಕಡಲಹಕ್ಕಿಯೊಂದು ಸೀದಾ ಲಕ್ಕಣ್ಣನ ಬೋಳುತಲೆಯ ಮೇಲೆ ಇಳಿದು, ಎರಡೂ ಕಾಲೂರಿ, ಬಾಗಿ, ಕೈಯಲ್ಲಿದ್ದ ಪೊಟ್ಟಣವನ್ನೇ ಕಚ್ಚಿಕೊಂಡು ಹಾರಿತು. ಲಕ್ಕಣ್ಣ ಅದಕ್ಕೆ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿಯ ಮುಖ ನೋಡಿದ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕಾಗೆ ತಲೆ ಮುಟ್ತು ಕಣ್ರೀ."

"ಅದು ಕಾಗೆ ಅಲ್ಲ ಕಣೇ. ಬೆಳ್ಳಗಿಲ್ವಾ?"

"ಈ ದೇಶದಲ್ಲಿ ಜನಾನೇ ಬೆಳ್ಳಗವ್ರೆ, ಕಾಗೆ ಕರ್ರಗಿರ್ತದಾ? ಕಿರುಚೋದು, ಕಸಿಯೋದು, ತಲೆ ಮೇಲೆ ಕೂರೋದು, ಎಲ್ಲಾ ಅದರದ್ದೇ."

ನಮ್ಮ ಕಡೂರು ಸೀಮೆಯಲ್ಲಿ ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಎಂದು ನಡುಗುವ ಮನೆಗಳು ಇವತ್ತಿಗೂ ಉಂಟು. ಅದಕ್ಕೆ ಪರಿಹಾರವೂ ಉಂಟು. ಇಂಥವರು ಹೋಗಿಬಿಟ್ಟರು ಎಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಕರುಳು ಕಿತ್ತುಬರುವಂತೆ ಅಳಬೇಕು. ಅತ್ತರೆ ಬರಬೇಕಾದ ಸಾವು ಬಂದುಹೋಯಿತೆಂದು ಲೆಕ್ಕ. ಮಾರನೇ ದಿನ ಹೊತ್ತು ಹುಟ್ಟಿದ ಮೇಲೆ ನಿಜ ಹೇಳಿ ಬೈಸಿಕೊಂಡರೆ ಆಯಿತು, ಆಯುಸ್ಸು ಗಟ್ಟಿ.

"ಮೌಢ್ಯದ ವಿರುದ್ಧ ಮೈಕ್ ಹಿಡ್ಕೊಂಡು ಮಾತಾಡಿದೋನು ನಾನು. ಆ ದರಿದ್ರ ಕೆಲ್ಸ ಮಾಡಿದ್ರೆ ನೋಡು" ಎಂದು ಗದರಿದ ಲಕ್ಕಣ್ಣ ಮನೆಗೆ ಬಂದು ಉಂಡು ಮಲಗಿದ. ಅವನ ಗೊರಕೆ ಏಳುತ್ತಿದ್ದಂತೆ ಅಂಬಮ್ಮ ಸಿಂಗಟಗೆರೆಯಲ್ಲಿರುವ ಅವನ ಅಕ್ಕ ಭಾಗಮ್ಮನಿಗೆ ಫೋನು ಹಚ್ಚಿದಳು.

ಭಾಗಮ್ಮನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಸುತ್ತ ಏಳೂರಲ್ಲಿ ಅವಳಂತೆ ಅಳುವವರಿಲ್ಲ. ಗುರುತಿಲ್ಲದವರ ಹೆಣದ ಮುಂದೆಯೂ ಸತ್ತವನ ಒಳ್ಳೆತನ ಹುಡುಕಿ ಹಾಡಿ ಅಳುವ ಹೆಂಗಸು. ಸ್ವಂತ ತಮ್ಮ ಅಂದಮೇಲೆ ಕೇಳಬೇಕೆ? ಸುದ್ದಿ ಕೇಳಿದವಳು ಫೋನು ಅಲ್ಲೇ ಬಿಸಾಕಿ, ಎದೆ ಬಡಿದುಕೊಂಡು, ಒಬ್ಬಳೇ ಅತ್ತರೆ ಸಾಲದೆಂದು ಸಿಕ್ಕಿದ ಬಸ್ಸು ಹತ್ತಿ ಅಜ್ಜಂಪುರದ ಹಾಲೇಶನ ಮನೆಗೇ ಹೋದಳು.

ಹಾಲೇಶ್ ದಂಗಾದ. ತನ್ನಕ್ಕ ಅಂಬಮ್ಮನಿಗೆ ಫೋನು ಮಾಡಿದ. ಹೊತ್ತು ಹುಟ್ಟುವ ಮೊದಲು ಮಾತಾಡಿದರೆ ಎಲ್ಲಿ ನಕ್ಕು ಪರಿಹಾರ ಕೆಡುತ್ತೋ ಎಂದು ಅಂಬಮ್ಮ ಎತ್ತಲಿಲ್ಲ. ಪಾಪ, ಅಕ್ಕನಿಗೆ ಮಾತೇ ಹೊರಡುತ್ತಿಲ್ಲ ಅಂದುಕೊಂಡ ಹಾಲೇಶ್. ಕಣ್ಣೊರೆಸಿಕೊಂಡ. ಗುರುವಿನ ಪಾಠ ನೆನಪಾಯಿತು. ಬೆಳಿಗ್ಗೆ ಬ್ಯಾಂಕು ಬಾಗಿಲು ತೆರೆಯುವ ಹೊತ್ತಿಗೆ ತರೀಕೆರೆಯಲ್ಲಿದ್ದ.

ಹೊತ್ತು ಹುಟ್ಟಿದ ಮೇಲೆ ಅಂಬಮ್ಮ ಮಾಡಿದ ಫೋನನ್ನು ಗಲಾಟೆಯಲ್ಲಿ ಯಾರೂ ಎತ್ತದೆ, ನಿಜ ತಿಳಿದು ಲಕ್ಕಣ್ಣನೂ ಸೇರಿ ಎಲ್ಲರೂ ಅವಳಿಗೆ ಬೈದದ್ದು ಮಾರನೇ ದಿನ. ಆದರೆ ಬ್ಯಾಂಕಿನಲ್ಲಿ ಏನಾಯಿತೆಂದು ಲಕ್ಕಣ್ಣನಿಗೆ ತಿಳಿದದ್ದು ತಿಂಗಳು ತುಂಬಿದ ಮೇಲೆ. ದಿನಸಿ ಅಂಗಡಿಯಲ್ಲಿ ಅವನ ಕಾರ್ಡು ಒಂದು ಸಲ ಉಜ್ಜಿದರೂ ಇಲ್ಲ, ಎರಡು ಸಲ ಉಜ್ಜಿದರೂ ಇಲ್ಲ. ಹಿಂದೆ ಕ್ಯೂ ಬೆಳೆಯಿತು. ಕೊನೆಗೆ ಅಳಿಯ ತಿಮ್ಮೇಶ್ ಮೆಲ್ಲನೆ ಮುಂದೆ ಬಂದು ತನ್ನ ಕಾರ್ಡು ಕೊಟ್ಟ. "ಇರ್ಲಿ ಬಿಡಿ ಮಾವ" ಅಂದ. ಜೀಪಿನ ಮುಂದೆ ಮಲಗಿದಾಗಲೂ ಲಕ್ಕಣ್ಣನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

ಮನೆಗೆ ಬಂದವನೇ ಫೋನು ಮಾಡಿದ. "ಲೇ ಹಾಲೇಶ, ನನ್ನ ಪಿಂಚಣಿ ಬಂದಿಲ್ಲ ಕಣೋ. ಬ್ಯಾಂಕಿಗೆ ಹೋಗಿ ಒಂದು ಧಮಕಿ ಹಾಕಿ ಬಾ."

ಆ ಕಡೆ ರಿಪೇರಿಯ ಮೋಟಾರಿನ ಸದ್ದು ನಿಂತಿತು.

"ಭಾವ, ಒಂದ್ ಮಾತು ಹೇಳ್ತೀನಿ, ಬೈಬಾರದು."

"ಬೊಗಳು."

"ನೀವು ಸತ್ತಿದೀರಿ."

"ಯಾವನೋ ಹೇಳಿದ್ದು?"

"ನಾನೇ. ಬರ್ದು ಕೊಟ್ಟೀನಿ. ಸೀಲೂ ಹಾಕಿಸ್ಕೊಂಡೀನಿ."

"ನಾನು ಬದುಕಿರೋದು ಮಾರನೇ ದಿನಾನೇ ಗೊತ್ತಾಯ್ತಲ್ಲೋ!"

"ಗೊತ್ತಾಯ್ತು. ಆದ್ರೆ ಹಿಂದಿನ ದಿನ ಅಷ್ಟು ಗಲಾಟೆ ಮಾಡಿ, ಮತ್ತೆ ಯಾವ ಮುಖ ಇಟ್ಕೊಂಡು ಹೋಗ್ಲಿ? ನೀವು ಬದುಕಿರೋದು ಹೆಂಗಿದ್ರೂ ಕಂಪ್ಯೂಟರಿಗೆ ತಿಳೀತದೆ ಅಂದ್ಕೊಂಡೆ."

ಆಮೇಲೆ ಹಾಲೇಶನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇಣುಕಿತು. "ಸರ್ಟಿಫಿಕೇಟು ತನ್ನಿ ಅಂದ್ರು ಭಾವ. ಹೊರದೇಶದಿಂದ ಅದು ಬರೋಗಂಟ ನಮ್ಮಕ್ಕ ಮಣ್ಣು ತಿನ್ಬೇಕಾ ಅಂತ ಬಾಗಿಲಿಗೆ ಅಡ್ಡ ಮಲಗ್ಬಿಟ್ಟೆ. ಪಕ್ಕದಲ್ಲಿ ಭಾಗಮ್ಮಕ್ಕನ್ನ ಅಳಕ್ಕೆ ಕೂರಿಸ್ದೆ. ಸಾಯಂಕಾಲದೊಳಗೆ ನಿಮ್ಮದು ನಿಂತ್ಹೋಯ್ತು, ತಾತ್ಕಾಲಿಕ ಅಂತ ಅಕ್ಕಂದು ಶುರುವಾಯ್ತು."

ಲಕ್ಕಣ್ಣನ ಜೀವಮಾನದ ಯಾವ ಹೋರಾಟವೂ ಒಂದೇ ದಿನದಲ್ಲಿ ಗೆದ್ದಿರಲಿಲ್ಲ. ಗೆದ್ದದ್ದು ಇದೊಂದೇ, ಅದೂ ಅವನ ವಿರುದ್ಧ.

ಫೋನಿನ ಮುಂದೆ ಕೂತು ರೆಪ್ಪೆ ಬಡಿದ. ಒಪ್ಪಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಬಡಿದ. ಊಹೂಂ. ಕೊನೆಗೆ ಬ್ಯಾಂಕಿನ ಮ್ಯಾನೇಜರು ತ್ರಿವೇಣಿಗೆ ವಿಡಿಯೋ ಕರೆ ಮಾಡಿದ.

"ನೋಡಮ್ಮಾ, ಕಾಣ್ತಿದೀನಲ್ಲ? ಮಾತಾಡ್ತಿದೀನಲ್ಲ?"

"ಈಗ ಸತ್ತೋರೂ ವಿಡಿಯೋದಲ್ಲಿ ಮಾತಾಡ್ತಾರೆ ಸಾರ್. ಏನೇನೋ ಟೆಕ್ನಾಲಜಿ ಬಂದಿದೆ."

"ಇಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಅವರ ಸಹಿ ಹಾಕಿಸಿ ಕಳಿಸ್ತೀನಿ."

"ಬದುಕಿರೋರು ಇನ್ನೂ ಬದುಕಿದ್ದಾರೆ ಅನ್ನೋಕೆ ಅವರು ಸಹಿ ಹಾಕ್ತಾರೆ. ಸತ್ತೋರು ಎದ್ದು ಕೂತಿದ್ದಾರೆ ಅನ್ನೋಕೆ ಹಾಕಲ್ಲ. ನೀವೇ ಖುದ್ದಾಗಿ ಬನ್ನಿ. ಬರುವಾಗ ಆ ಅಳೋ ಅಮ್ಮನ್ನ ಮಾತ್ರ ಕರ್ಕೊಂಡು ಬರಬೇಡಿ."

ಟಿಕೆಟ್ಟಿಗೆ ದುಡ್ಡು ಕೊಟ್ಟವನು ಅಳಿಯ. ವಿಮಾನದಲ್ಲಿ ಊಟ ಬಂದಾಗಲೂ ಲಕ್ಕಣ್ಣ ಅದು ತಿಮ್ಮೇಶನ ಅನ್ನ ಎಂದು ಮುಚ್ಚಳವನ್ನೂ ತೆಗೆಯದೆ ವಾಪಸು ಕೊಟ್ಟ. ಅಂಬಮ್ಮ ಮೊಮ್ಮಗನ ಜೊತೆ ಅಲ್ಲೇ ಉಳಿದಳು.

ಅಜ್ಜಂಪುರದ ಸರ್ಕಲ್ಲಿನಲ್ಲಿ ಬಸ್ಸಿಳಿದರೆ ಎದುರಿಗೇ ಫ್ಲೆಕ್ಸು. ಹೂವಿನ ಹಾರದ ನಡುವೆ ಲಕ್ಕಣ್ಣನ ಮುಖ. 'ಆರಿದ ಹೋರಾಟದ ದೀಪ, ಮತ್ತೆ ಹುಟ್ಟಿ ಬನ್ನಿ.' ಕರೆದೊಯ್ಯಲು ಬಂದಿದ್ದ ಹಾಲೇಶ್ ತಲೆ ಕೆರೆದುಕೊಂಡ. "ಒಳ್ಳೆ ಫ್ಲೆಕ್ಸು ಭಾವ. ಕೀಳೋಕೆ ಮನಸ್ಸು ಬರ್ಲಿಲ್ಲ."

ಮನೆಯ ಜಗಲಿಯಲ್ಲಿ ಭಾಗಮ್ಮ ಕಾದಿದ್ದಳು. ತಮ್ಮನ ಕೈ, ಕೆನ್ನೆ ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಬೆನ್ನಿಗೆ ಒಂದು ಗುದ್ದಿದಳು. "ಅತ್ತು ಅತ್ತು ನನ್ನ ಗಂಟ್ಲು ಇವತ್ತಿಗೂ ಸರಿಹೋಗಿಲ್ಲ. ನೀನು ಚಿಕ್ಕಂದಿನಲ್ಲಿ ಮಾಡದೇ ಇರೋ ಒಳ್ಳೆ ಕೆಲಸಾನೆಲ್ಲಾ ಕಟ್ಟಿ ಕಟ್ಟಿ ಅತ್ತೀನಿ. ಇನ್ನು ನಿಜವಾಗ್ಲೂ ಸತ್ರೆ ನನ್ನ ಕರೀಬೇಡ. ನಂದು ಆಗ್ಹೋಯ್ತು."

ಮಾರನೇ ದಿನ ತರೀಕೆರೆಯ ಬ್ಯಾಂಕಿನಲ್ಲಿ ತ್ರಿವೇಣಿ ಬೆರಳಚ್ಚು ತೆಗೆದಳು, ಕಣ್ಣು ನೋಡಿದಳು, ಹಳೇ ಸಹಿಗೆ ಹೊಸ ಸಹಿ ತಾಳೆ ನೋಡಿದಳು. "ನೀವು ಬದುಕಿದ್ದೀರಿ, ಸಂಶಯವೇ ಇಲ್ಲ" ಅಂದಳು. ಲಕ್ಕಣ್ಣ ಎದೆಯುಬ್ಬಿಸಿ ಹಾಲೇಶನ ಕಡೆ ನೋಡಿದ.

"ಆದ್ರೆ ಸಾರ್, ಪಿಂಚಣಿ ಈಗ ಮೇಡಂ ಹೆಸರಿಗೆ ಹೋಗ್ತಿದೆ. ನನ್ನ ಯಜಮಾನ್ರು ಬದುಕಿದ್ದಾರೆ, ನನಗೆ ಕುಟುಂಬ ಪಿಂಚಣಿ ಬೇಡ ಅಂತ ಅವರು ಹೇಳ್ಬೇಕು. ವಿಡಿಯೋದಲ್ಲಿ ಹೇಳಿದ್ರೂ ಸಾಕು."

"ನನ್ನ ವಿಡಿಯೋ ನಡೀಲಿಲ್ವಲ್ಲಮ್ಮ?"

"ಅವರು ಸತ್ತಿಲ್ವಲ್ಲ ಸಾರ್."

ಕರೆ ಹೋಯಿತು. ತೆರೆಯ ಮೇಲೆ ಅಂಬಮ್ಮ ಕಾಣಿಸಿದಳು. ಮೈಮೇಲೆ ಕೆಂಪು ಬಣ್ಣದ ಹೊಸ ಕೋಟು.

"ನೋಡೇ, ಮ್ಯಾನೇಜರಮ್ಮ ಕೇಳಿಸ್ಕೊಳ್ತಾರೆ. ಗಂಡ ಬದುಕವ್ನೆ, ಪಿಂಚಣಿ ಬೇಡ ಅನ್ನು. ಅಷ್ಟೇ."

"ಗಂಡ ಬದುಕವ್ನೆ ಅಂದೇನು. ಬೇಡ ಅಂತ ಯಾಕನ್ಲಿ?"

ಲಕ್ಕಣ್ಣ ಫೋನನ್ನು ಕಿವಿಗೆ ಹತ್ತಿರ ತಂದ. "ಅದು ಅರ್ಧ ಕಣೇ. ನಾನು ಬದುಕಿದ್ರೆ ಪೂರ್ತಿ ಬತ್ತದೆ."

"ಪೂರ್ತಿ ಬರೋವಾಗ ನನ್ನ ಕೈಗೆ ಎಷ್ಟು ಬತ್ತಿತ್ತು? ಮದ್ವೆ ಆದಾಗಿಂದ ಕೊತ್ತಂಬರಿ ಸೊಪ್ಪಿಗೂ ನಿಮ್ಮ ಮುಂದೆ ನಿಂತು ಕೇಳಿದೀನಿ. ಈಗ ನಂದೇ ಕಾರ್ಡು. ಭುವನಾ ಇಲ್ಲೂ ನಡೆಯೋ ಹಂಗೆ ಮಾಡ್ಕೊಟ್ಲು. ಮೊನ್ನೆ ಈ ಕೋಟು ತಗೊಂಡೆ. ಯಾರನ್ನೂ ಕೇಳ್ಲಿಲ್ಲ."

"ಇನ್ಮೇಲೆ ಕೇಳ್ದಂಗೆ ಕೊಡ್ತೀನಿ ಮಾರಾಯ್ತಿ. ತಿಂಗಳು ತಿಂಗಳು ಅರ್ಧ ನಿನ್ನ ಖಾತೆಗೆ."

ಹಿಂದಿನಿಂದ ಹಾಲೇಶ್ ಕೂಗಿದ. "ಬಾಯಿ ಮಾತು ಒಪ್ಕೋಬೇಡ ಅಕ್ಕ. ಬರವಣಿಗೇಲಿ ತಗೋ."

"ಮುಚ್ಚೋ ಬಾಯಿ" ಅಂದ ಲಕ್ಕಣ್ಣ. ಆದರೆ ದನಿಯಲ್ಲಿ ಕಸುವಿರಲಿಲ್ಲ. ಜೀವಮಾನವಿಡೀ ಮೇಜಿನ ಈಚೆ ನಿಂತು ಬೇಡಿಕೆ ಇಟ್ಟವನಿಗೆ, ಮೇಜಿನ ಆಚೆ ಕೂತವರ ಬೆವರು ಹೇಗಿರುತ್ತದೆಂದು ಮೊದಲ ಸಲ ಗೊತ್ತಾಯಿತು. "ಆಯ್ತು ಕಣೇ, ಬರ್ದೇ ಕೊಡ್ತೀನಿ. ಈಗ ಹೇಳು."

ಅಂಬಮ್ಮ ಕೋಟಿನ ಗುಂಡಿ ಹಾಕಿಕೊಂಡಳು. "ಮಗು ಎದ್ದೈತೆ. ಯೋಚ್ನೆ ಮಾಡಿ ಹೇಳ್ತೀನಿ" ಎಂದು ಫೋನು ಇಟ್ಟಳು.

ತ್ರಿವೇಣಿ ಪೆನ್ನು ಹಿಡಿದೇ ಕೂತಿದ್ದಳು. "ಏನಂದ್ರು ಸಾರ್ ಮೇಡಂ?"

"ಯೋಚ್ನೆ ಮಾಡ್ತಾಳಂತೆ."

"ಏನನ್ನ?"

ಲಕ್ಕಣ್ಣ ಬೋಳುತಲೆ ಒರೆಸಿಕೊಂಡು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದ.

"ನಾನು ಬದುಕಿರಬೇಕೋ ಬೇಡ್ವೋ ಅಂತ."