ಗಾಲಿಮನೆಯ ಎಡಪಥಾರೋಹಣ

ಟೋಲುಗೇಟುಗಳೇ ಕೋಟೆಬಾಗಿಲುಗಳಾಗಿ, ಫಾಸ್ಟ್ಯಾಗೇ ರಾಜಮುದ್ರಿಕೆಯಾಗಿ ಮೆರೆಯುವ ಈ ಡಾಂಬರುಯುಗದಲ್ಲಿ, ಪುಷ್ಯಮಾಸದ ಮಂಜು ಕರಗಿ, ಹಿರಿಯೂರಿನಾಚೆಯ ಜಾಲಿಮರದ ಗೇಟೆಂಬ ಊರಿನ ರೈತಾಪಿ ಜನ ಹುರುಳಿ ಒಕ್ಕಣೆಗೆ ಕೈಹಾಕಿದ್ದ ಹೊತ್ತಿನಲ್ಲಿ, ನಿವೃತ್ತ ಭೂಮಾಪಕಶಿರೋಮಣಿಯೂ ಸ್ವಗೃಹಸಾರಥಿಯೂ ಆದ ತಿಪಟೂರಿನ ಗುರುಶಾಂತಪ್ಪನವರು ಮಾಡಿದ ಮಹಾಸಮರವನ್ನು ಕಿವಿಯುಳ್ಳವರು ಕೇಳಿರಿ.

ಆ ಊರಿನವರು ಕಣ ಮಾಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಹುರುಳಿ ಬಳ್ಳಿಯನ್ನು ಹೆದ್ದಾರಿಯ ಎಡಪಥದಲ್ಲಿ ಹರವಿದರೆ ಸಾಕು, ಲಾರಿಗಳೇ ತುಳಿದು ಕಾಳು ಬಿಡಿಸುತ್ತಿದ್ದವು. ಅಂದು ಕರಿಯಮ್ಮನೂ ಎರಡು ಗಾಡಿ ಬಳ್ಳಿ ಹರವಿದ್ದಳು. ಲಾರಿಯವರು ಮುಷ್ಕರ ಹೂಡಿದ್ದಾರೆಂದು ತಿಳಿದದ್ದು ಹರವಿ ಮುಗಿದ ಮೇಲೆ. ಎಡಪಥ ಬಿಕೋ ಎನ್ನುತ್ತಿತ್ತು. ಪಡುವಣದಲ್ಲಿ ಅಕಾಲದ ಮೋಡ ಕಟ್ಟುತ್ತಿತ್ತು.

ಆಗ ಬಂತು, ಬಲಪಥವನ್ನು ಇಡಿಯಾಗಿ ತುಂಬಿಕೊಂಡು, ಗುರುಶಾಂತಪ್ಪನವರ ಮೋಟಾರ್ ಹೋಮ್: ಬಸ್ಸಿನ ಚಾಸಿಯ ಮೇಲೆ ಅಡುಗೆಮನೆ, ಬಚ್ಚಲು, ದೇವರ ಗೂಡು, ಬಾಗಿಲಿಗೆ ಮಾವಿನ ತೋರಣ. ಗೋಕರ್ಣಕ್ಕೆ ಅದರ ಮೊದಲ ಪಯಣ. ಪತ್ನಿ ಶಿವನಂಜಮ್ಮನವರು ಹಾಲುಕ್ಕಿಸಿ ಗೃಹಪ್ರವೇಶ ಮಾಡಿದ ಮೇಲೆಯೇ ಅದನ್ನು ಹತ್ತಿದ್ದು, ಅದೂ ಒಂದು ಷರತ್ತಿನ ಮೇಲೆ. “ಮನೆ ಅಂತ ಹತ್ತತಿದೀನಿ. ದಾರೀಲಿ ಯಾರಾದ್ರೂ ಲಾರಿ ಅಂದ್ರೋ, ಅಲ್ಲೇ ಇಳ್ಕಂಡು ಬಸ್ಸಲ್ಲಿ ಊರಿಗೆ ಹೋಗ್ತೀನಿ.” ಅವರ ಬ್ಯಾಗು ಬಾಗಿಲ ಬಳಿಯೇ ಸಿದ್ಧವಾಗಿತ್ತು.

ಹೆದ್ದಾರಿ ಗಸ್ತಿನ ಎಎಸ್‌ಐ ದೊಡ್ಡೀರಯ್ಯ, ವೈರಿಗಜಮಸ್ತಕವನ್ನು ಕಂಡ ಸಿಂಹದಂತೆ ರಸ್ತೆಗಿಳಿದು ಲಾಠಿಯೆತ್ತಿದ.

“ಎಡಕ್ಕೆ ಬನ್ನಿ ಸಾರ್. ಬೋರ್ಡು ಕಾಣಲ್ವಾ? ಭಾರಿ ವಾಹನ ಎಡಪಥದಲ್ಲೇ ಹೋಗ್ಬೇಕು.”

ಗುರುಶಾಂತಪ್ಪನವರು ಕಿಟಕಿಯಿಂದ ಅರ್ಧಶರೀರವನ್ನು ಹೊರಚಾಚಿ ಗರ್ಜಿಸಿದರು: “ಎಲೈ ಖಾಕಿವಸನಧಾರಿಯೇ! ಮೂವತ್ತೈದು ವರ್ಷ ಸರಪಳಿ ಹಿಡಿದು ಮೂರು ತಾಲ್ಲೂಕುಗಳ ಎಲ್ಲೆಯಳೆದ ಈ ಬಾಹುಗಳಿಗೆ ನೀನು ಪಥ ತೋರಿಸುವೆಯಾ? ಸರಕು ಹೊರುವುದು ಲಾರಿ. ಇದರಲ್ಲಿ ಒಲೆಯಿದೆ, ದೇವರಿದ್ದಾನೆ, ಧರ್ಮಪತ್ನಿಯಿದ್ದಾಳೆ. ಗೃಹಪ್ರವೇಶವಾದ ಮನೆಗೆ ಸಿಮೆಂಟು ಹೊರುವ ಲಾರಿಯ ದಾರಿಯೇ?”

“ಎಲೈ ಚರಗೃಹಾಧಿಪತಿಯೇ!” ದೊಡ್ಡೀರಯ್ಯನೂ ಮೀಸೆ ತೀಡಿದ. “ಒಳಗಿರುವುದು ಸಿಮೆಂಟೋ ಸಂಸಾರವೋ ಎಂದು ರಸ್ತೆ ವಿಚಾರಿಸುವುದಿಲ್ಲ. ಎಷ್ಟು ಭಾರವೆಂದಷ್ಟೇ ಕೇಳುತ್ತದೆ. ತೆಗೆ ಆರ್‌ಸಿ!”

ಆರ್‌ಸಿ ಒರೆಯಿಂದ ಖಡ್ಗದಂತೆ ಹೊರಬಂತು. ದೊಡ್ಡೀರಯ್ಯ ಕನ್ನಡಕ ಹಾಕಿಕೊಂಡು ತೂಕದ ಸಾಲಿನ ಮೇಲೆ ಬೆರಳಿಟ್ಟ. “ನೋಡಿ, ಇಲ್ಲೇ ಬರ್ದೈತೆ. ರಸ್ತೆ ಲೆಕ್ಕದಾಗೆ ಇದೂ ಲಾರಿನೇ.”

ಹಿಂದಿನ ಬಾಗಿಲು ತೆರೆಯಿತು. ಬ್ಯಾಗು ದೊಪ್ಪನೆ ರಸ್ತೆಗೆ ಬಿತ್ತು.

“ಕೇಳುಸ್ಕಂಡ್ರಾ? ಪೊಲೀಸ್ನೋರೇ ಅಂದ್ರು,” ಎನ್ನುತ್ತ ಶಿವನಂಜಮ್ಮನವರು ಇಳಿದರು. “ಗೋಕರ್ಣಕ್ಕೆ ಲಾರೀಲಿ ಹೋದ್ಲು ಅಂತ ನಮ್ ವಾರಗಿತ್ತೀರು ಆಡ್ಕಂಡು ನಗೋಕಾ?”

ಗರ್ಜಿಸಿದ ಗುರುಶಾಂತಪ್ಪನವರು ಗೋಗರೆದರು. “ನಂಜೂ, ಅದು ಬರೀ ತೂಕದ ಮಾತು ಕಣೇ...”

ಅಷ್ಟರಲ್ಲಿ ಪೊರಕೆಪಾಣಿಯಾಗಿ ಓಡಿಬಂದ ಕರಿಯಮ್ಮ ಬ್ಯಾಗನ್ನು ಎತ್ತಿ ಎದೆಗವಚಿಕೊಂಡಳು. “ಯವ್ವಾ, ಹೋಗ್ಬ್ಯಾಡ! ಲಾರಿ ಅನ್ನೋರು ಅನ್ಲಿ, ನಂಗಿದು ಕಾಳು ಬಿಡ್ಸೋ ರೋಣಗಲ್ಲು. ಬೆಳಗ್ಗಿಂದ ಒಂದು ಗಾಲಿ ಈ ಕಡೆ ಹಾಯ್ದಿಲ್ಲ. ಮೋಡ ನೋಡು. ನನ್ ಹುರುಳಿ ಮ್ಯಾಲೆ ಎಲ್ಡು ಸಲ ಹಾಯಿಸ್ಬುಡ್ರವ್ವ, ಒಂದು ಸೇರು ಕಾಳು ನಿಮ್ಗೇ. ಅಳಿಯಂದ್ರೇ, ನಿಂತ್ಕಂಡು ನೋಡ್ತೀರಲ್ಲ, ನೀವೂ ಒಂದು ಮಾತು ಹೇಳ್ರಿ!”

“ಅಳಿಯಂದ್ರೇ?” ಎಂದರು ಗುರುಶಾಂತಪ್ಪನವರು.

ದೊಡ್ಡೀರಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡ. “ಕಾನೂನು ಕಾನೂನೇ ಸಾರ್. ಹುರುಳಿ ಅತ್ತೇದು.”

ಶಿವನಂಜಮ್ಮನವರು ಬಗ್ಗಿ ಒಂದು ಕಾಯಿ ಕಿತ್ತು ಬೆರಳಲ್ಲಿ ಹಿಸುಕಿದರು. ಪಟ್ಟೆಂದಿತು. ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು.

“ನಮ್ಮಪ್ಪನ ಕಣದಲ್ಲಿ ರೋಣಗಲ್ಲಿನ ಹಿಂದೆ ಎತ್ತು ಹೊಡೀತಿದ್ದೋಳು ನಾನೇ,” ಎಂದು ಬ್ಯಾಗನ್ನು ಇಸಿದುಕೊಂಡು ಒಳಗೆಸೆದು, ಮುಂದಿನ ಸೀಟಿಗೆ ಹತ್ತಿದರು. “ರೋಣಗಲ್ಲಾದ್ರೆ ಅಡ್ಡಿಯಿಲ್ಲ. ನಿಧಾನಕ್ಕೆ ಹೊಡೀರಿ, ಕಾಳು ಒಡೆದಾವು.”

ದೊಡ್ಡೀರಯ್ಯ ಕೆಂಪು ಕೋನುಗಳನ್ನಿಟ್ಟು ದಾರಿ ಕಟ್ಟಿದ. ಆಹಾ! ಸ್ಟೀಲುಪಾತ್ರೆಗಳ ರಣಭೇರಿ ಒಳಗೆ ಮೊಳಗುತ್ತಿರಲು, ತೋರಣಾಲಂಕೃತವೂ ಧೂಮೋದ್ಗಾರಭೀಕರವೂ ಆದ ಆ ಮಹಾರಥವು ಹುರುಳಿಸೇನೆಯ ಮೇಲೆ ಏರಿಹೋಯಿತು; ಪೀಂ ಪೀಂ ಎನ್ನುತ್ತ ಹಿಂದಕ್ಕೂ ಬಂತು. ಎರಡು ಸಲವೆಂದದ್ದು ಶಿವನಂಜಮ್ಮನವರ ಅಪ್ಪಣೆಯಂತೆ ಒಂಬತ್ತಾಯಿತು. ಮೋಡ ನಾಲ್ಕು ಹನಿ ಉದುರಿಸಿ ಸರಿದುಹೋಯಿತು.

“ಇನ್ನೂ ತೂರಬೇಕು ಕಣವ್ವ. ಬರುವಾಗ ಸೇರು ಇಸ್ಕಂಡು ಹೋಗ್ರಿ,” ಎಂದಳು ಕರಿಯಮ್ಮ.

ವಾರದ ಮೇಲೆ ಅವರು ಗೋಕರ್ಣದಿಂದ ಮರಳಿದರು, ಆಚೆಯ ರಸ್ತೆಯ ಎಡಪಥದಲ್ಲಿ. ಕಣಗಿಲೆ ಬೆಳೆದ ಡಿವೈಡರಿನ ಈಚೆಯಿಂದ ಕರಿಯಮ್ಮ ಸೇರನ್ನು ಎತ್ತಿ ಎತ್ತಿ ತೋರಿಸಿದಳು. “ನಿಲ್ಸಿ, ನಿಲ್ಸಿ,” ಎಂದರು ಶಿವನಂಜಮ್ಮನವರು. ಆದರೆ ಮುಷ್ಕರ ಮುಗಿದಿತ್ತು. ಹಿಂದೆ ಇಪ್ಪತ್ತು ನಿಜವಾದ ಲಾರಿಗಳು ಹಾರ್ನು ಹೊಡೆಯುತ್ತಿದ್ದವು. ಎಡಪಥದಲ್ಲಿ ನಿಲ್ಲಲಾಗಲಿಲ್ಲ, ಬಲಪಥಕ್ಕೆ ಹೋಗುವಂತಿರಲಿಲ್ಲ.

ಆ ಒಂದು ಸೇರು ಹುರುಳಿ ಇನ್ನೂ ಬಾಕಿ.