ದೊಡ್ಡ ಹಾಯಿ ಹೊಲಿದ ರೋಣದ ದರ್ಜಿ

ಕೆರೆಯಲ್ಲಿ ಕಾಲು ತೊಳೆದದ್ದು ಬಿಟ್ಟರೆ ನೀರಿನ ಗುರುತಿಲ್ಲದ ರೋಣದವನು ನಾನು. ಅಂಥವನು ಮುಂಬಯಿಯಲ್ಲಿ ಹಾಯಿದೋಣಿಯ ಕೆಲಸ ಹಿಡಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಐವತ್ತರ ದಶಕದ ಆ ನಾಲ್ಕು ವರ್ಷಗಳಲ್ಲಿ ನನಗೂ ಆಯಿತು. ಆಗ ನಗಲಿಲ್ಲ. ಈಗ ಹೇಳುವಾಗ ನಗು ಬರುತ್ತದೆ.

ಕೆಲಸ ಸಿಕ್ಕಿದ್ದು

ದೋಣಿಯ ಮಾಲಕರು ವಾರಗಟ್ಟಲೆ ಸಮುದ್ರದ ಮೇಲೆ ಮೋಜಿಗೆ ತಿರುಗುವ ಶ್ರೀಮಂತರೊಬ್ಬರು. ಹಿಂದಿನ ಕೆಲಸದವನು ದೊಡ್ಡ ಹಾಯಿ ಇಳಿಸುವಾಗ ಅದರ ಬುಡದ ಅಡ್ಡಮರ ತಲೆಗೆ ಬಡಿದು, ನೀರಿಗೆ ಬಿದ್ದು ಸತ್ತಿದ್ದ. ಅವನ ಜಾಗಕ್ಕೆ ನಾನು. ಊರಲ್ಲಿ ಹತ್ತಿ ಗಾಡಿಗಳ ತಾಡಪತ್ರಿ ಹೊಲಿದಿದ್ದೇನೆ ಎಂದೆ. ಈಜು ಬರುತ್ತದೆಯೇ ಎಂದು ಕೇಳಿದರು. ಇಲ್ಲವೆಂದು ತಲೆ ತಗ್ಗಿಸಿದೆ. ದೋಣಿ ನಡೆಸುವ ಮುದುಕ ತಾಂಡೇಲ ಕಾರವಾರದ ಕಡೆಯವನು, ನನ್ನ ಪರವಾಗಿ ಮಾತಾಡಿದ.

"ಇವನೇ ಇರಲಿ ಸಾಹೇಬರೆ. ಈಜು ಬರದವನು ಹೊಲಿಗೆ ಗಟ್ಟಿ ಹಾಕುತ್ತಾನೆ."

ಬಸ್ಸಿನ ಮೇಲಿನ ಗಂಟು

ಅದು ಹತ್ತಿಯ ಹಾಯಿ. ಉಪ್ಪುನೀರು ಕುಡಿದದ್ದನ್ನು ಸಿಹಿನೀರಲ್ಲಿ ತೊಳೆದು ಒಣಗಿಸದಿದ್ದರೆ ಬೂಸು ಹಿಡಿದು ಕೊಳೆಯುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಅರಿವೆ ಒಣಗುವುದೆಲ್ಲಿ? ನಮ್ಮೂರ ಬಿಸಿಲಿಗೆ ಒಯ್ಯುತ್ತೇನೆ ಎಂದೆ. ಸುರುಳಿ ಸುತ್ತಿ, ಮೂರು ಕಡೆ ಹಗ್ಗ ಬಿಗಿದು, ರೈಲಿನಲ್ಲಿ ತಂದು, ಗದಗಿನಲ್ಲಿ ಬಸ್ಸಿನ ಮೇಲೆ ಹೇರಿದೆ.

ಬೆಳವಣಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಾನು ಚಹಾ ಕುಡಿಯಲು ಹೋಗಿದ್ದೆ. ಆಳುದ್ದದ ಬಿಳಿ ಗಂಟು ನೋಡಿ ಜನ ಏನೆಂದು ಕೇಳಿದರೆ, ಕಂಡಕ್ಟರ್ "ಮುಂಬಯಿಂದ ಬಂದೈತಿ, ರೋಣದ ದರ್ಜಿ ಮನಿಗೆ ಹೊಂಟೈತಿ" ಎಂದನಂತೆ. ಯಾರೋ ಪುಣ್ಯಾತ್ಮರು ಸೈಕಲ್ ಹತ್ತಿ ನನಗಿಂತ ಮೊದಲೇ ರೋಣ ಮುಟ್ಟಿ ಸುದ್ದಿ ಹೇಳಿದರು.

ಮನೆಗೆ ಬಂದರೆ ಅಂಗಳ ತುಂಬ ಮಂದಿ. ಅವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. ನನ್ನನ್ನು ಕಂಡು ಅಳು ನಿಂತಿತು. ಮುಖ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಕಪಾಳಕ್ಕೆ ಒಂದು ಬಿಗಿದಳು. ಬಾಜೂ ಮನೆಯ ಅಜ್ಜ ಮಾತ್ರ ತಪ್ಪು ನನ್ನದೇ ಎಂಬಂತೆ ನೋಡುತ್ತಿದ್ದ.

"ಕುಣಿ ತೋಡಾಕ ನಾಕ್ ಮಂದಿ ಹೋಗ್ಯಾರ. ಈಗ ಅವರಿಗೆ ಏನಂತ ಹೇಳೂದಪಾ?"

ಪುರ್ತಗೇರಿಯ ಕಣ

ಹಾಯಿ ಹರವಲು ಪುರ್ತಗೇರಿಯ ಸೋದರಮಾವನ ಕಣವೇ ಬೇಕಾಯಿತು. ಸವೆದ ಕಡೆ ತೇಪೆ ಇಟ್ಟು, ಮೇಣ ಸವರಿದ ದಾರದಿಂದ ಅಂಚು ಹೊಲಿಯುತ್ತ ಕೂತೆ. ದೋಣಿ ಎಳೆಯುವುದು ಯಾವುದು ಎಂದು ಮಾವ ಕೇಳಿದ. ಗಾಳಿ ಎಂದೆ. ಗಾಳಿ ಹೆಚ್ಚಾದರೆ ಎಂದ. ಸತ್ತವನ ಕಥೆ ಹೇಳಿದೆ. ಮಾವ ಕಣದ ಅಂಚಿಗೆ ಕಟ್ಟಿದ್ದ ಎತ್ತುಗಳ ಕಡೆ ನೋಡಿದ.

"ನಮ್ಮ ಎತ್ತು ಚಲೋ ಬಿಡಪಾ. ಹೋ ಅಂದ್ರ ನಿಲ್ತಾವ."

ಹಾಯಿಯ ಕೆಳಗೆ

ಮೂರನೆಯ ವರ್ಷ, ಒಂದು ಮಧ್ಯಾಹ್ನ, ದಡ ಕಾಣದಷ್ಟು ದೂರದಲ್ಲಿ ಬಿರುಗಾಳಿ ಎದ್ದಿತು. ದೋಣಿ ಮಗ್ಗುಲಾಗಿ ಮಲಗಿ ಒಳಗೆ ನೀರು ನುಗ್ಗಿತು. ದೊಡ್ಡ ಹಾಯಿ ಇಳಿಸದಿದ್ದರೆ ಮಾಲಕರು, ತಾಂಡೇಲ, ನಾನು ಮೂವರೂ ಮುಗಿದಂತೆ. ಅದನ್ನು ಮೇಲೆ ಹಿಡಿದ ಹಗ್ಗ ನೆನೆದು ಊದಿಕೊಂಡು ಗಂಟು ಬಿಚ್ಚಲೊಲ್ಲದು. ತಾಂಡೇಲನ ಎರಡು ಬೆರಳು ಅದರಲ್ಲಿ ಸಿಕ್ಕು ಮುರಿದವು. ಕತ್ತರಿಸು ಎಂದ. ಕತ್ತರಿಸಿದೆ. ಇಡೀ ಹಾಯಿ ನಮ್ಮೆಲ್ಲರ ಮೇಲೆ ಬಿತ್ತು.

ದೋಣಿ ನೆಟ್ಟಗಾಯಿತು. ಒದ್ದೆ ಅರಿವೆಯ ಭಾರಕ್ಕೆ ನಾನೂ ತಾಂಡೇಲನೂ ಒಂದೇ ಕಡೆ ಅಪ್ಪಚ್ಚಿಯಾಗಿದ್ದೆವು. ಹಿಂಬದಿಯಲ್ಲಿ, ಹಾಯಿಯ ಇನ್ನೊಂದು ಮೂಲೆಯ ಅಡಿಯಿಂದ, ಮಾಲಕರು ನಮ್ಮ ಹೆಸರು ಹಿಡಿದು ಕೂಗಿದರು. ಹೆದರಿಕೆಗೆ ನನ್ನ ಧ್ವನಿ ಹೊರಡಲಿಲ್ಲ. ಇಬ್ಬರೂ ನೀರುಪಾಲಾದೆವೆಂದು ಅವರು ಗಟ್ಟಿಯಾಗಿ ಅಳತೊಡಗಿದರು. ತಾಂಡೇಲನ ಕ್ಷಮೆ ಕೇಳಿದರು. ಅವನ ಮಗಳ ಮದುವೆಗೂ ಎರಡೇ ದಿನ ರಜೆ ಕೊಟ್ಟೆನಲ್ಲ ಎಂದರು. ಅವನು ಬದುಕಿ ಬಂದರೆ ದೀಪಾವಳಿಗೆ ತಿಂಗಳು ರಜೆ ಕೊಡುತ್ತೇನೆ, ಉಣ್ಣೆಯ ಕೋಟು ಹೊಲಿಸುತ್ತೇನೆ ಎಂದು ದೇವರ ಮೇಲೆ ಆಣೆ ಇಟ್ಟರು.

ಅಷ್ಟರಲ್ಲಿ ನನಗೆ ಧ್ವನಿ ಬಂತು. ಇಲ್ಲಿದ್ದೇವೆ ಎನ್ನಲು ಬಾಯಿ ತೆರೆದೆ. ತಾಂಡೇಲ ಬೆರಳು ಮುರಿಯದ ಕೈಯಿಂದ ನನ್ನ ಬಾಯಿ ಮುಚ್ಚಿ, ಕಿವಿಯಲ್ಲಿ ಹೇಳಿದ:

"ಸುಮ್ಮನಿರು. ನಿನ್ನ ಪಾಳಿ ಇನ್ನೂ ಬಂದಿಲ್ಲ."