ಶ್ರಾವಣದಲ್ಲಿ ಬಿಟ್ಟ ಮಾತು

ಶ್ರಾವಣ ಬಂತೆಂದರೆ ನಮ್ಮ ಓಣಿಯ ಹೆಂಗಸರು ದೇವರ ಹೆಸರಿನಲ್ಲಿ ಏನನ್ನಾದರೂ ಬಿಡುತ್ತೇವೆ. ಒಬ್ಬರು ಉಳ್ಳಾಗಡ್ಡಿ, ಒಬ್ಬರು ಬದನೆಕಾಯಿ, ಗಟ್ಟಿಗರು ಒಂದು ಹೊತ್ತಿನ ಊಟ. ನಾನು ವರ್ಷವರ್ಷವೂ ಹಾಗಲಕಾಯಿ ಬಿಡುತ್ತಿದ್ದೆ. ಅದು ನನಗೆ ಮೊದಲೇ ಸೇರುವುದಿಲ್ಲ ಎಂಬುದು ನನಗೂ ಹಣಮಪ್ಪ ದೇವರಿಗೂ ಮಾತ್ರ ಗೊತ್ತಿತ್ತು. ಆ ವರ್ಷ ಮಾತ್ರ ನಿಜವಾಗಿಯೂ ಕಷ್ಟವಾದದ್ದನ್ನು ಬಿಟ್ಟೆ. ಅದೊಂದು ಮಾತು: “ನಾ ಆವಾಗೇ ಹೇಳಿದ್ದೆ.” ಹಾಲು ಉಕ್ಕಿದಾಗ, ಯಜಮಾನರು ಛತ್ರಿ ಮರೆತು ತೊಯ್ದು ಬಂದಾಗ, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಾಗ ನನ್ನ ಬಾಯಿಂದ ಮೊದಲು ಬರುವುದು ಅದೇ. ಇಪ್ಪತ್ತೈದು ವರ್ಷದ ಸಂಸಾರವನ್ನು ಅದರ ಮೇಲೆಯೇ ನಡೆಸಿದ್ದೇನೆ.

ಅದನ್ನು ಬಿಡಿಸಿದವಳು ಮಗಳು ಭಾಗ್ಯ. ಬಿ.ಎಡ್. ಮುಗಿಸಲು ಅವಳಿಗೆ ಒಂದೇ ಒಂದು ಪರೀಕ್ಷಾ ಪಾಠ ಬಾಕಿ ಇತ್ತು. ಹೊರಗಿನಿಂದ ಪರೀಕ್ಷಕರು ಬಂದು ತರಗತಿಯ ಹಿಂದೆ ಕುಳಿತು ನೋಡುತ್ತಾರೆ. ಅವತ್ತು ಪಾಠ ಆಗದಿದ್ದರೆ ಒಂದು ವರ್ಷ ಹೋದಂತೆಯೇ. ಇಂಗ್ಲಿಷಿನವರು ಮಾತಾಡುವಾಗ ‘ಹ್ಯಾಡ್’ ಎಂಬುದನ್ನು ಹೇಗೆ ನುಂಗುತ್ತಾರೆ ಎಂಬುದೇ ಪಾಠ. ಎಂಟು ದಿನ ಅವಳ ಇಡೀ ತರಗತಿ ನಾನೊಬ್ಬಳೇ. ನಾನು ರೊಟ್ಟಿ ಬಡಿಯುತ್ತಿದ್ದರೆ ಅವಳು ಒಲೆಯ ಪಕ್ಕ ನಿಂತು ಶುರು ಮಾಡುತ್ತಿದ್ದಳು.

“ನೋಡವ್ವ, ಹಿಂದ ಎರಡು ಕೆಲಸ ಆಗ್ಯಾವ. ಅದರಾಗ ಮೊದಲ ಮುಗಿದದ್ದಕ್ಕ ಹ್ಯಾಡ್ ಹಚ್ಚಬೇಕು. ನಾ ಬರೋದ್ರಾಗ ಅವ ಉಂಡಿದ್ದ. ಹೀ ಹ್ಯಾಡ್ ಈಟನ್. ಆದ್ರ ಮಾತಿನಾಗ ಯಾರೂ ಹಂಗ ಅನ್ನಂಗಿಲ್ಲ. ಹೀಡ್ ಈಟನ್. ಐಡ್, ಶೀಡ್, ವೀಡ್, ದೇಡ್.”

“ಉಳಿದದ್ದು ಎಲ್ಲಿ ಹೋತು?”

“ನುಂಗಿದ್ರು. ಬರಿಯುವಾಗ ಆ ಜಾಗಕ್ಕ ಮ್ಯಾಲೊಂದು ಕೊಂಕು ಇಡ್ತಾರ.”

ನಾವೂ ‘ಬಂದು ಇದ್ದೆ’ ಎನ್ನುವುದಿಲ್ಲ, ‘ಬಂದಿದ್ದೆ’ ಎನ್ನುತ್ತೇವೆ; ಅವಸರ ಎಲ್ಲ ದೇಶದಲ್ಲೂ ಒಂದೇ ಎಂದುಕೊಂಡೆ. ಆದರೆ ಪೇಚು ಅಲ್ಲಿಗೆ ಮುಗಿಯಲಿಲ್ಲ. ‘ವುಡ್’ ನುಂಗಿದರೂ ಉಳಿಯುವುದು ಅದೇ ‘ಡ್’ ಅಂತೆ. ಮುಂದೆ ‘ಈಟನ್’ ಬಂದರೆ ಹ್ಯಾಡ್, ಬರೀ ‘ಈಟ್’ ಬಂದರೆ ವುಡ್. “ಹ್ಯಾಡ್ ಯೂ ಈಟನ್?” ಎಂದು ಕೇಳುವಾಗ ನುಂಗುವಂತಿಲ್ಲ. “ಯೆಸ್, ಐ ಹ್ಯಾಡ್” ಎಂದು ಅಲ್ಲಿಗೇ ಮಾತು ನಿಲ್ಲಿಸುವಾಗಲೂ ನುಂಗುವಂತಿಲ್ಲ. ಅತ್ತೆಯ ಎದುರು ಎಲ್ಲಿ ನುಂಗಬೇಕು, ಎಲ್ಲಿ ಪೂರ್ತಿ ಹೇಳಬೇಕು ಎಂದು ಕಲಿತ ಸೊಸೆಗೆ ಇದೇನು ದೊಡ್ಡದಲ್ಲ.

“ನಿನಗೊಂದು ಸಲೀಸು ಉದಾಹರಣಿ ಕೊಡ್ತೀನಿ,” ಎಂದಳು ಭಾಗ್ಯ. “ಐಡ್ ಟೋಲ್ಡ್ ಯೂ. ನಾ ಆವಾಗೇ ಹೇಳಿದ್ದೆ. ನಿನ್ನ ಮಾತೇ!”

ನಗುತ್ತಾ ಹೇಳಿದ್ದು ಹೌದು. ಆದರೆ ಪಾಠದ ದಿನ ಹತ್ತಿರವಾದಂತೆ ಅವಳ ನಗು ಒಣಗಿತು. ಅವಳ ಚಾರ್ಟುಗಳ ತುಂಬ ರೈಲು: ನಾನು ಸ್ಟೇಷನ್ನಿಗೆ ಹೋಗುವುದರೊಳಗೆ ರೈಲು ಬಿಟ್ಟಿತ್ತು. “ನಮ್ಮ ಶಹಾಪುರಕ್ಕ ರೈಲೇ ಇಲ್ಲ, ಬಸ್ ಬರಿಯವ್ವ,” ಎಂದೆ. ಕೇಳಲಿಲ್ಲ. “ಕಾಲುವಿಗಿ ನೀರು ಬಿಡ್ತಾರಂತ. ನಾಟಿ ಹತ್ತಿದ್ರ ಹುಡುಗ್ರು ಸಾಲಿಗಿ ಬರಂಗಿಲ್ಲ, ಮೊದಲೇ ವಿಚಾರ್ಸು,” ಎಂದೆ. ಅದಕ್ಕೆ ಸಿಡಿದೇಬಿಟ್ಟಳು. “ನಾಳೆ ಏನರ ಆದ್ರ ‘ನಾ ಹೇಳಿದ್ದೆ’ ಅನ್ನಾಕ ಈಗೇ ತಯಾರಿ ಮಾಡಾಕತ್ತೀಯೇನು? ದೇವರ ಮುಂದ ನಿಂತು ಆ ಮಾತು ಬಿಡ್ತೀನಿ ಅನ್ನು, ನೋಡ್ತೀನಿ!” ನಾನೂ ಹಠಕ್ಕೆ ಬಿದ್ದೆ. ಹಣಮಪ್ಪನ ಗುಡಿಗೆ ಹೋಗಿ, ಮಗಳ ಪಾಠ ಚಂದಾಗಲಿ, ಶ್ರಾವಣ ಮುಗಿಯುವ ತನಕ ಆ ಮಾತು ಆಡುವುದಿಲ್ಲ ಎಂದು ಕೈಮುಗಿದು ಬಂದೆ. ಬರುವ ದಾರಿಯಲ್ಲೇ ಭಯ ಹತ್ತಿತು. ಬಾಯಿ ತಪ್ಪಿದರೆ ಮಗಳ ಪಾಠದ ಗತಿ ಏನು?

ಅವಳು ಪಾಠ ಮಾಡಬೇಕಿದ್ದ ಶಾಲೆ ಇದ್ದದ್ದು ದೋರನಹಳ್ಳಿ ದಾಟಿ ಒಳಗಿನ ಒಂದು ಊರಿನಲ್ಲಿ. ಪಾಠದ ದಿನ ಚಾರ್ಟು ಮುದುಡದಂತೆ ಹಿಡಿಯಲು ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಹಣಮಪ್ಪನ ಸಣ್ಣ ಉಪಕಾರ, ಆದರೂ ಎಣಿಸಿಟ್ಟುಕೊಂಡೆ. ಶಾಲೆಗೆ ಹೋಗಿ ನೋಡಿದರೆ ಒಂಬತ್ತನೇ ತರಗತಿಯಲ್ಲಿ ಮೂರೇ ಮಕ್ಕಳು, ಅದರಲ್ಲಿ ಒಬ್ಬಳಿಗೆ ಜ್ವರ. ಹೆಡ್‌ಮಾಸ್ತರರು ಕೈ ಹಿಸುಕಿಕೊಂಡರು. “ನಿನ್ನಿ ಕಾಲುವಿಗಿ ನೀರು ಬಿಟ್ಟಾರ್ರಿ. ಎಲ್ಲಾರೂ ಅವ್ವಂದಿರ ಬೆನ್ನು ಹತ್ತಿ ನಾಟಿಗಿ ಹೋಗ್ಯಾರ.” ಗಡಿಯಾರದಲ್ಲಿ ಹತ್ತೂಕಾಲು. ಪರೀಕ್ಷಕರು ಬರುವುದು ಹನ್ನೊಂದಕ್ಕೆ. ಭಾಗ್ಯ ನನ್ನ ಕಡೆ ತಿರುಗಲಿಲ್ಲ. ಅವಳ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ನನ್ನ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಹಲ್ಲು ಕಚ್ಚಿದೆ. ಅಲ್ಲಿ ನಿಂತರೆ ಅದು ಹೊರಬಿದ್ದೇ ಬೀಳುತ್ತದೆ ಎಂದು ಹೊಲದ ಕಡೆ ಓಡಿದೆ.

ಮಕ್ಕಳು ಸಸಿಯ ಕಟ್ಟುಗಳನ್ನು ಹೊತ್ತು ಬದುವಿನ ಮೇಲೆ ಓಡಾಡುತ್ತಿದ್ದರು. ನಾಟಿಯವರ ಮುಂದಾಳು ನಿಂಗಮ್ಮ ಎಂಬ ಮುದುಕಿ. ಸೊಂಟ ಬಾಗಿಸಿಕೊಂಡೇ ನನ್ನ ಮಾತೆಲ್ಲ ಕೇಳಿ, “ನೀರು ಬಂದೈತಿ, ನಿನ್ನ ಮಗಳ ಪರೀಕ್ಷಿಗಿ ಅದು ನಿಂದರ್ತದೇನು?” ಎಂದಳು. ಅವರಲ್ಲಿ ಮುಯ್ಯಿಯ ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದೇ ನೆನಪಾಗಿ, “ಹುಡುಗ್ರನ್ನ ಒಂದು ತಾಸು ಕಳಸವ್ವ, ಅವರ ಮುಯ್ಯಿಗಿ ನಾ ಇಳೀತೀನಿ,” ಎಂದೆ. ಹೆಂಗಸರೆಲ್ಲ ನೆಟ್ಟಗಾಗಿ ನನ್ನನ್ನು ನೋಡಿದರು.

“ಇಪ್ಪತ್ತು ಹುಡುಗ್ರಿಗಿ ನೀ ಒಬ್ಬಾಕಿ ಮುಯ್ಯೇನು? ಇಸ್ತ್ರಿ ಸೀರಿ ಉಟ್ಕೊಂಡು?” ಎಂದು ನಕ್ಕಳು ನಿಂಗಮ್ಮ. ನಾನು ಆಗಲೇ ಸೀರೆ ಮೇಲೆ ಸಿಕ್ಕಿಸಿ ಕೆಸರಿಗೆ ಇಳಿದಿದ್ದೆ. ಮುದುಕಿ ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. “ಹೋಗ್ರಲೇ ಸಾಲಿಗಿ! ಗಂಟಿ ಹೊಡೆದ ಕೂಡ್ಲೆ ಬರಬೇಕು!”

ಮಕ್ಕಳು ಓಡಿದರು. ಸ್ವಲ್ಪ ಹೊತ್ತಿಗೆ ಶಾಲೆಯ ಗಂಟೆ ಕೇಳಿಸಿತು. ಒಳಗೆ ಏನು ನಡೆದಿದೆಯೋ? ಭಾಗ್ಯಳ ದನಿ ನಡುಗುತ್ತಿದೆಯೋ? ಚಾರ್ಟಿಗೆ ಅಂಟಿಸಿದ ಕೊಂಕಿನ ಚೀಟಿ ಉದುರಿತೋ? ಒಂದು ಸಸಿಗೆ ಒಂದು ಸಲ ‘ಹಣಮಪ್ಪಾ’ ಎನ್ನುತ್ತಾ ನೆಟ್ಟೆ. “ಯವ್ವಾ, ನಾಟಿ ಹಚ್ಚಾಕತ್ತಿಯೋ, ರಂಗೋಲಿ ಬಿಡಾಕತ್ತಿಯೋ?” ಎಂದು ನಿಂಗಮ್ಮ ನನ್ನ ಸಾಲನ್ನೆಲ್ಲ ಕಿತ್ತು ಮತ್ತೆ ನೆಟ್ಟಳು. ಮಳೆ ಬರಲಿಲ್ಲ, ಏಡಿ ಕಚ್ಚಲಿಲ್ಲ. ಅವನ್ನೂ ಎಣಿಸಿದೆ.

ಮತ್ತೆ ಗಂಟೆಯಾಯಿತು. ಮೊದಲು ಓಡಿ ಬಂದ ಹುಡುಗಿ ಬದುವಿನ ಮೇಲಿಂದಲೇ ಕೂಗಿದಳು. “ಅಮ್ಮಾರ! ಆ ಸಾಹೇಬ್ರು ನಮ್ಮ ಕೆಸರುಗಾಲು ನೋಡಿ ಎಲ್ಲಿಂದ ಬಂದ್ರಿ ಅಂದ್ರು. ಟೀಚರ್ ರೈಲಿನ ಚಾರ್ಟು ತಗದು ಬದಿಗಿಟ್ರು. ‘ನೀವು ಬರೋದ್ರಾಗ ನಾವು ಒಂದು ಮಡಿ ನಾಟಿ ಹಚ್ಚಿದ್ವಿ’ ಅಂತ ನಾವೆಲ್ಲ ಇಂಗ್ಲಿಷಿನಾಗ ಅಂದ್ವಿ! ಸಾಹೇಬ್ರು ನಕ್ಕರು!” ನಾನು ಕೆಸರುಗೈಯಲ್ಲೇ ಮುಗಿಲಿಗೆ ಕೈಮುಗಿದೆ.

ಹಿಂದೆಯೇ ಭಾಗ್ಯ ಬಂದಳು. “ಪಾಠ ಚಂದಾತಂತ, ಅವ್ವ. ಅವರೇ ಅಂದ್ರು.” ಮೊಣಕಾಲ ತನಕ ಕೆಸರಾದ ನನ್ನನ್ನು ನೋಡಿ ಅವಳ ಕಣ್ಣು ತುಂಬಿತು. “ನೀರು ಬಿಟ್ರ ಹುಡುಗ್ರು ಬರಂಗಿಲ್ಲ ಅಂತ ನೀ…” ಎಂದು ಅರ್ಧಕ್ಕೇ ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು. ಶ್ರಾವಣ ಮುಗಿಯಲು ಇನ್ನೂ ಹದಿನೈದು ದಿನ ಉಳಿದಿದ್ದವು. ಹಣಮಪ್ಪನ ಮುಂದೆ ನಾನು ಬಿಟ್ಟದ್ದು ಕನ್ನಡದ ಮಾತು.

“ಐಡ್ ಟೋಲ್ಡ್ ಯೂ,” ಎಂದೆ.

ಭಾಗ್ಯ ಕಣ್ಣೊರೆಸಿಕೊಂಡು, “‘ಡ್’ ಇನ್ನೂ ಸಣ್ಣಗ ಅನ್ನವ್ವ, ಕೇಳಿಸಿ ಕೇಳಿಸದಂಗ,” ಎಂದು ತಿದ್ದಿದಳು. ಅಷ್ಟು ಸಣ್ಣಗೆ ಅಂದಿದ್ದರೆ ದೇವರಿಗೂ ಕೇಳಿಸುತ್ತಿರಲಿಲ್ಲ. ನಾನು ಗಟ್ಟಿಯಾಗಿಯೇ ಅಂದುಬಿಟ್ಟಿದ್ದೆ. ಹಾಗಾಗಿ ಮುಂದಿನ ಶನಿವಾರ ಗುಡಿಯಲ್ಲಿ ಎರಡು ಕಾಯಿ ಒಡೆಸಿದೆ. ಎರಡನೆಯದು ಯಾತಕ್ಕೆ ಎಂದು ಪೂಜಾರಿ ಕೇಳಿದರು. ನುಂಗಿಕೊಂಡೆ.